ಅಪ್ಪನನ್ನು ಕಂಡು ಅಳುವ ಮಗಳು, ಬಾಗಿಲು ಹಾಕಿಕೊಳ್ಳುವ ಮಗ

ನಮ್ಮ ನೆರೆಮನೆಯವರು ಎರಡು ವರ್ಷಗಳ ಬಳಿಕ ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದರು. ಅವರು ಹೋಗುವಾಗ ಆರು ತಿಂಗಳ ಕೂಸಾಗಿದ್ದ ಮಗಳಿಗೆ ಈಗ ಎರಡೂವರೆ ವರ್ಷ. ದಿನವೂ ಮೊಬೈಲಿನ ಪರದೆಗೆ ಮುತ್ತು ಕೊಟ್ಟು ‘ಉಪ್ಪಾ’ ಎನ್ನುತ್ತಿದ್ದ ಹುಡುಗಿ, ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತ ಗಡ್ಡದ ಮನುಷ್ಯನನ್ನು ಕಂಡದ್ದೇ ಕಿರುಚಿಕೊಂಡು ಅಜ್ಜಿಯ ಹಿಂದೆ ಅಡಗಿದಳು. ಮೂರು ದಿನವಾದರೂ ಹತ್ತಿರ ಹೋಗಲಿಲ್ಲ. ಹದಿನೈದು ವರ್ಷದ ಮಗನದ್ದು ಬೇರೆಯೇ ರೀತಿ. ಸಲಾಂ ಹೇಳಿದ, ತಂದ ವಾಚನ್ನು ಕಟ್ಟಿಕೊಂಡ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಊಟಕ್ಕೆ ಬಂದರೆ ‘ಹೂಂ’, ‘ಇಲ್ಲ’, ‘ಗೊತ್ತಿಲ್ಲ’ ಇಷ್ಟೇ ಮಾತು.

“ಯಾರಿಗಾಗಿ ಅಲ್ಲಿ ಬಿಸಿಲಲ್ಲಿ ಬೇಯುವುದು?” ಎಂದು ಆ ತಂದೆ ಕೇಳಿದಾಗ ಏನು ಹೇಳಬೇಕೆಂದು ಯಾರಿಗೂ ತೋಚಲಿಲ್ಲ. ಮಗಳಿಗೆ ಹಠ, ಮಗನಿಗೆ ಅಹಂಕಾರ ಎಂದು ಮನೆಯವರೇ ತೀರ್ಮಾನ ಕೊಟ್ಟಾಗಿತ್ತು. ಆದರೆ ಮಕ್ಕಳ ಭಾವನೆಗಳ ಬೆಳವಣಿಗೆಯ ಕುರಿತು ಏಳು ದಶಕಗಳಿಂದ ನಡೆದಿರುವ ಸಂಶೋಧನೆಗಳು ಈ ಎರಡೂ ತೀರ್ಮಾನಗಳನ್ನು ಒಪ್ಪುವುದಿಲ್ಲ.

ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ಹೆತ್ತವರಿಗೆ ಮುಕ್ತ ಅವಕಾಶ ಇರಲಿಲ್ಲ. ಕೆಲವು ಕಡೆ ವಾರಕ್ಕೊಮ್ಮೆ ಮಾತ್ರ ಭೇಟಿ. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಆದ್ದರಿಂದ ಬಾರದಿರುವುದೇ ಒಳ್ಳೆಯದು ಎಂಬುದು ವೈದ್ಯರ ಲೆಕ್ಕಾಚಾರವಾಗಿತ್ತು. ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿಯವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಇದನ್ನು ನಂಬಲಿಲ್ಲ. ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದೊಳಗಿನ ಹುಡುಗಿಯೊಬ್ಬಳನ್ನು ಕೈಯಲ್ಲಿ ಹಿಡಿದ ಪುಟ್ಟ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಆ ಮಗು ಗದ್ದಲ ಮಾಡುವುದಿಲ್ಲ. ಅಳುವನ್ನು ನುಂಗಿಕೊಳ್ಳುತ್ತದೆ. ದಿನ ಕಳೆದಂತೆ ಮುಖದ ನಗು ಮಾಯವಾಗುತ್ತದೆ. ಕೊನೆಗೆ ತಾಯಿ ಬಂದಾಗಲೂ ಮುಖ ತಿರುಗಿಸುತ್ತದೆ. 1952ರಲ್ಲಿ ಈ ಚಿತ್ರವನ್ನು ತೋರಿಸಿದಾಗ ಅನೇಕ ವೈದ್ಯರು ಸಿಟ್ಟಾದರು. ಆದರೆ ಕಂಡದ್ದನ್ನು ಕಾಣದಂತೆ ಮಾಡಲು ಆಗುವುದಿಲ್ಲವಲ್ಲ. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ, ಹೆತ್ತವರಿಗೆ ಮಕ್ಕಳ ವಾರ್ಡಿನಲ್ಲಿ ಯಾವಾಗ ಬೇಕಾದರೂ ಪ್ರವೇಶ ಕೊಡಬೇಕೆಂದು ಶಿಫಾರಸು ಮಾಡಿತು. ಇಂದು ನಮ್ಮ ಆಸ್ಪತ್ರೆಗಳಲ್ಲಿ ತಾಯಿ ಮಗುವಿನ ಮಂಚದ ಪಕ್ಕದಲ್ಲೇ ಮಲಗುವುದನ್ನು ನಾವು ಸಹಜವೆಂದು ಭಾವಿಸುತ್ತೇವೆ. ಪಾಶ್ಚಾತ್ಯ ವೈದ್ಯಕೀಯಕ್ಕೆ ಅದನ್ನು ಒಂದು ಸಿನಿಮಾ ತೋರಿಸಿ ಕಲಿಸಬೇಕಾಯಿತು.

ರಾಬರ್ಟ್‌ಸನ್ ಮತ್ತು ಬೌಲ್ಬಿ ಗುರುತಿಸಿದ್ದು ಮೂರು ಹಂತಗಳನ್ನು. ಹತ್ತಿರದವರಿಂದ ದೂರವಾದ ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ. ನಂತರ ಆಸೆ ಕಳೆದುಕೊಂಡು ಮಂಕಾಗುತ್ತದೆ. ಕೊನೆಗೆ ಭಾವನೆಯನ್ನೇ ಒಳಗಿಟ್ಟುಕೊಂಡು ಏನೂ ಆಗದಂತೆ ಇರುತ್ತದೆ. ಈ ಮೂರನೇ ಹಂತವನ್ನೇ ದಾದಿಯರು “ಮಗು ಹೊಂದಿಕೊಂಡಿತು” ಎಂದು ಬರೆದುಕೊಳ್ಳುತ್ತಿದ್ದರು.

ಇದೇ ದಾರಿಯಲ್ಲಿ ಮುಂದೆ ನಡೆದವರು ಮೇರಿ ಐನ್ಸ್‌ವರ್ತ್. 1954ರಲ್ಲಿ ಉಗಾಂಡಾಕ್ಕೆ ಹೋಗಿ, ಅಲ್ಲಿನ ಹಳ್ಳಿಗಳ 26 ಕುಟುಂಬಗಳ ಮನೆಯಂಗಳದಲ್ಲಿ ಕುಳಿತು ತಾಯಿ–ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿದರು. ಬಳಿಕ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ಪರೀಕ್ಷೆ ರೂಪಿಸಿದರು. ಸುಮಾರು 20 ನಿಮಿಷಗಳ ಆಟ ಅದು. ಒಂದು ವರ್ಷದ ಮಗುವನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಎರಡು ಸಲ ಹೊರಗೆ ಹೋಗಿ ಮರಳುತ್ತಾಳೆ. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ ಅವಳು ಮರಳಿದಾಗ ಏನು ಮಾಡಿತು ಎಂಬುದೇ ಹೆಚ್ಚು ತಿಳಿಸುತ್ತದೆ ಎಂದು ಐನ್ಸ್‌ವರ್ತ್ ಕಂಡುಕೊಂಡರು. ಹೆಚ್ಚಿನ ಮಕ್ಕಳು ಓಡಿ ಬಂದು ಸಮಾಧಾನಗೊಂಡು ಮತ್ತೆ ಆಟಕ್ಕಿಳಿದರು. ಕೆಲವರು ಮಾತ್ರ ತಾಯಿಯನ್ನು ನೋಡಿಯೂ ನೋಡದಂತೆ ಗೊಂಬೆಯಲ್ಲಿ ಮುಳುಗಿದರು. ‘ಎಷ್ಟು ಗಟ್ಟಿ ಮಗು’ ಎನ್ನಿಸಬಹುದು. ಆದರೆ 1977ರಲ್ಲಿ ಇಬ್ಬರು ಸಂಶೋಧಕರು ಇಂಥ ಮಕ್ಕಳ ಹೃದಯ ಬಡಿತ ಅಳೆದು ನೋಡಿದಾಗ, ಹೊರಗೆ ಶಾಂತವಾಗಿದ್ದ ಆ ಮಕ್ಕಳ ಎದೆ ಅಳುವ ಮಕ್ಕಳ ಎದೆಯಂತೆಯೇ ಹೊಡೆದುಕೊಳ್ಳುತ್ತಿತ್ತು.

ನೆರೆಮನೆಯ ಹುಡುಗಿ ಅತ್ತು ಕರೆದು ಅಜ್ಜಿಯನ್ನು ಅವಚಿಕೊಂಡದ್ದು ಆರೋಗ್ಯದ ಲಕ್ಷಣ. ಅವಳಿಗೆ ಆಸರೆ ಯಾರೆಂದು ಅವಳಿಗೆ ಗೊತ್ತಿದೆ. ಆ ಆಸರೆ ತಾಯಿಯೇ ಆಗಬೇಕೆಂದೂ ಇಲ್ಲ. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಕೂಸುಗಳನ್ನು ಅಧ್ಯಯನ ಮಾಡಿದ ಶಾಫರ್ ಮತ್ತು ಎಮರ್ಸನ್, ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರಿಗೆ ಅಂಟಿಕೊಂಡಿರುವುದನ್ನು ಕಂಡರು. ತಂದೆ, ಅಜ್ಜಿ, ಅಕ್ಕ ಯಾರೂ ಆಗಬಹುದು. ಹೆಚ್ಚು ಹೊತ್ತು ಜೊತೆಗಿದ್ದವರು ಅಥವಾ ಉಣಿಸಿದವರು ಯಾರೆಂಬುದು ಅಷ್ಟು ಮುಖ್ಯವಾಗಲಿಲ್ಲ. ಮಗುವಿನ ಸನ್ನೆಗೆ ಚುರುಕಾಗಿ ಸ್ಪಂದಿಸಿದವರು ಯಾರೆಂಬುದೇ ಮುಖ್ಯವಾಯಿತು. ಎರಡು ತಿಂಗಳ ರಜೆಯ ತಂದೆಗೆ ಇದು ಶುಭ ಸುದ್ದಿ. ನೆಲದ ಮೇಲೆ ಕುಳಿತುಕೊಳ್ಳಿ. ಎತ್ತಿಕೊಳ್ಳಲು ಕೈಚಾಚಬೇಡಿ, ಚಾಕಲೇಟಿನ ಆಮಿಷ ಬೇಡ, “ಉಪ್ಪನಿಗೆ ಮುತ್ತು ಕೊಡು” ಎಂದು ಬಂಧುಗಳು ಒತ್ತಾಯಿಸುವುದಂತೂ ಬೇಡವೇ ಬೇಡ. ಮಗು ತಾನಾಗಿ ಒಂದು ಡಬ್ಬದ ಮುಚ್ಚಳ ತಂದು ಕೈಗೆ ಕೊಟ್ಟರೆ ಅದನ್ನು ಗಂಭೀರವಾಗಿ ತೆಗೆದುಕೊಂಡು ವಾಪಸು ಕೊಡಿ. ಸ್ನೇಹ ಅಲ್ಲಿಂದ ಶುರುವಾಗುತ್ತದೆ.

ಅಮೆರಿಕದ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗವೊಂದು ಮನಸ್ಸಿನಿಂದ ಹೋಗುವುದೇ ಇಲ್ಲ. ತಾಯಿ ತನ್ನ ಕೂಸಿನೊಂದಿಗೆ ನಗುತ್ತಾ ಆಡುತ್ತಾಳೆ. ನಂತರ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕಲ್ಲಿನಂತೆ ಕೂರುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ಏನೂ ಫಲಿಸದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಮೊಬೈಲ್ ನೋಡುತ್ತಾ ಮಗುವಿಗೆ ಉಣಿಸುವ ನಮ್ಮ ಮುಖ ಹೇಗಿರುತ್ತದೆ? 2018ರಲ್ಲಿ ಅಮೆರಿಕದ ಸಂಶೋಧಕರು ಇದೇ ಪ್ರಯೋಗದಲ್ಲಿ ತಾಯಿಯ ಕೈಗೆ ಫೋನ್ ಕೊಟ್ಟು ನೋಡಿದರು. ಮಕ್ಕಳು ಹೆಚ್ಚು ಬೇಸರಗೊಂಡರು, ಸುತ್ತಲಿನ ವಸ್ತುಗಳ ಮೇಲಿನ ಕುತೂಹಲ ಕಡಿಮೆಯಾಯಿತು.

ಹಾಗೆಂದು ಇಡೀ ದಿನ ಮಗುವಿನ ಮುಖವನ್ನೇ ನೋಡುತ್ತಾ ಕೂರಬೇಕಿಲ್ಲ. ಟ್ರಾನಿಕ್ ಅವರದ್ದೇ ಇನ್ನೊಂದು ಲೆಕ್ಕ ಇದೆ. ಚೆನ್ನಾಗಿ ಹೊಂದಿಕೊಂಡಿರುವ ತಾಯಿ–ಮಗು ಕೂಡ ಪರಸ್ಪರ ತಾಳ ಸೇರಿಸಿಕೊಳ್ಳುವುದು ಸುಮಾರು ಶೇಕಡಾ 30ರಷ್ಟು ಹೊತ್ತು ಮಾತ್ರ. ಉಳಿದದ್ದು ತಪ್ಪುವುದು, ಮತ್ತೆ ಸರಿಪಡಿಸಿಕೊಳ್ಳುವುದು. ಸಿಟ್ಟಿನಲ್ಲಿ ಗದರಿದ ತಾಯಿ ಹತ್ತು ನಿಮಿಷದ ಬಳಿಕ ಬಂದು ತಲೆ ನೇವರಿಸಿದರೆ, ಮುರಿದದ್ದು ಜೋಡಿಸಬಹುದು ಎಂಬ ಪಾಠವನ್ನು ಮಗು ಕಲಿಯುತ್ತದೆ.

ಇನ್ನು ಬಾಗಿಲು ಹಾಕಿಕೊಂಡ ಹುಡುಗನ ಮಾತು. ಒಂದು ವರ್ಷದ ಕೂಸಿನ ಪ್ರಯೋಗವನ್ನು ಹದಿನೈದರ ಹುಡುಗನಿಗೆ ನೇರವಾಗಿ ಅಂಟಿಸುವಂತಿಲ್ಲ. ಆದರೂ ನಿರ್ಲಕ್ಷ್ಯದಂತೆ ಕಾಣುವುದೆಲ್ಲ ನಿರ್ಲಕ್ಷ್ಯವಲ್ಲ ಎಂಬುದು ಇಲ್ಲಿಗೂ ಸಲ್ಲುತ್ತದೆ. ಪ್ರೌಢಾವಸ್ಥೆಯಲ್ಲಿ ಭಾವನೆ ಮತ್ತು ಉತ್ಸಾಹಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಬೇಗ ಚುರುಕಾಗುತ್ತವೆ. ಯೋಚಿಸಿ ತಡೆಯುವ ಮುಂಭಾಗ ಪೂರ್ಣ ಬಲಿಯಲು ಇಪ್ಪತ್ತರ ದಶಕದ ಮಧ್ಯದವರೆಗೂ ಬೇಕು. ಇದರ ಅರ್ಥ ಹುಡುಗರಿಗೆ ಬುದ್ಧಿ ಇಲ್ಲ ಎಂದಲ್ಲ. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 306 ಮಂದಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟರು. ಗೆಳೆಯರು ಜೊತೆಗಿದ್ದಾಗ 13ರಿಂದ 16ರ ಮಕ್ಕಳು ಒಂಟಿಯಾಗಿ ಆಡಿದವರಿಗಿಂತ ಬಹಳ ಹೆಚ್ಚು ಅಪಾಯ ಎದುರುಹಾಕಿಕೊಂಡರು. 24 ದಾಟಿದವರಲ್ಲಿ ಗೆಳೆಯರಿದ್ದರೂ ವ್ಯತ್ಯಾಸವಾಗಲಿಲ್ಲ. ಬೈಕಿನ ಕೀ ಕೊಡುವ ಮುಂಚೆ ಹಿಂದೆ ಯಾರು ಕೂರುತ್ತಾರೆಂದು ಕೇಳುವುದು ಒಳ್ಳೆಯದು.

ನಿದ್ದೆಯದ್ದೂ ಒಂದು ಕಥೆ. ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಒಸರುತ್ತದೆ. 13ರಿಂದ 18ರವರೆಗಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಸುಕಿಗೇ ಎದ್ದು ಮದ್ರಸ, ಶಾಲೆ, ಸಂಜೆ ಟ್ಯೂಷನ್ ಮುಗಿಸಿ ಮಧ್ಯರಾತ್ರಿ ಮೊಬೈಲ್ ಹಿಡಿಯುವ ಹುಡುಗನಿಗೆ ಸಿಗುವುದೆಷ್ಟು? ಅವನ ಸಿಡುಕಿನಲ್ಲಿ ಅರ್ಧದಷ್ಟು ನಿದ್ದೆಯ ಸಾಲವೇ ಇರಬಹುದು ಎಂದು ನನ್ನ ಅನುಮಾನ. ರಾತ್ರಿ ಹತ್ತರ ಬಳಿಕ ಫೋನ್ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ. ಹೆತ್ತವರ ಫೋನೂ ಅಲ್ಲೇ ಇರಲಿ, ಇಲ್ಲದಿದ್ದರೆ ಈ ನಿಯಮ ಎರಡು ದಿನ ಬಾಳುವುದಿಲ್ಲ.

ಗಂಡುಮಕ್ಕಳ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪು, ಅವರಿಗೆ ಭಾವನೆಯ ಪದಗಳನ್ನೇ ಕಲಿಸದಿರುವುದು. “ಹೆಂಗಸರಂತೆ ಅಳಬೇಡ” ಎಂದು ಐದನೇ ವಯಸ್ಸಿಗೇ ಬಾಯಿ ಮುಚ್ಚಿಸಿದ ಮೇಲೆ ಹದಿನೈದರಲ್ಲಿ ಸಿಟ್ಟು ಒಂದೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ವಯಸ್ಕರ ಮಿದುಳಿನ ಸ್ಕ್ಯಾನ್ ಮಾಡಿದಾಗ, ಚಿತ್ರದಲ್ಲಿನ ಮುಖದ ಭಾವನೆಗೆ ಹೆಸರು ಕೊಟ್ಟ ಕ್ಷಣ ಭಯ ಮತ್ತು ಆತಂಕಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಜಾನ್ ಗಾಟ್‌ಮನ್ ಮತ್ತು ಸಂಗಡಿಗರು ಐದು ವರ್ಷದ ಮಕ್ಕಳಿರುವ ಕುಟುಂಬಗಳನ್ನು ಎಂಟು ವರ್ಷದವರೆಗೆ ಹಿಂಬಾಲಿಸಿ ಕಂಡದ್ದೂ ಇದಕ್ಕೆ ಹತ್ತಿರ. ಮಗುವಿನ ದುಃಖ, ಸಿಟ್ಟುಗಳನ್ನು ತಳ್ಳಿಹಾಕದೆ ಕೇಳಿಸಿಕೊಂಡು, ಹೆಸರಿಟ್ಟು, ಆಮೇಲೆ ನಡತೆಗೆ ಮಿತಿ ಹಾಕಿದ ಮನೆಗಳ ಮಕ್ಕಳು ಓದಿನಲ್ಲೂ ಗೆಳೆತನದಲ್ಲೂ ಮುಂದಿದ್ದರು. “ತಂಗಿಗೆ ಹೊಡೆಯುವಂತಿಲ್ಲ. ಆದರೆ ನಿನಗೆ ಅವಮಾನ ಆಯಿತಲ್ಲ, ಅದು ನನಗೆ ಗೊತ್ತಾಯಿತು” ಎಂಬ ಎರಡು ವಾಕ್ಯ ಸಾಕು.

ಎಲ್ಲ ಮೌನವೂ ವಯಸ್ಸಿನ ಸಹಜ ಮೌನವಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಕಂಡುಬಂದಿತ್ತು. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕಿಲ್ಲ. ಸಿಡುಕು, ಕಾರಣ ಸಿಗದ ಹೊಟ್ಟೆನೋವು–ತಲೆನೋವು, ಇಷ್ಟದ ಆಟವನ್ನೂ ಬಿಡುವುದು, ಊಟ–ನಿದ್ದೆಯ ಏರುಪೇರು, ಅಂಕಗಳ ಹಠಾತ್ ಕುಸಿತ ಹೀಗೆಲ್ಲ ಬರುತ್ತದೆ. ಎರಡು ವಾರ ಮೀರಿ ಹೀಗಿದ್ದರೆ ವೈದ್ಯರಿಗೆ ತೋರಿಸಿ. ಕೈಯ ಮೇಲೆ ಗಾಯದ ಗೆರೆಗಳು ಕಂಡರೆ, “ನಾನಿಲ್ಲದಿದ್ದರೆ ಒಳ್ಳೆಯದಿತ್ತು” ಎಂಬ ಮಾತು ಕೇಳಿದರೆ ಒಂದು ದಿನವೂ ಕಾಯಬೇಡಿ. “ಸಾಯುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯಕ್ಕೆ ಸಂಶೋಧನೆಗಳಲ್ಲಿ ಆಧಾರವಿಲ್ಲ, ಕೇಳಿದ್ದರಿಂದ ಮಕ್ಕಳಿಗೆ ಹಗುರವಾದದ್ದೇ ಹೆಚ್ಚು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನಾಲ್ಕು ಜನರಿಗೆ ಗೊತ್ತಾದರೆ ಮುಂದೆ ಮದುವೆಗೆ ತೊಂದರೆ ಎಂದು ಮುಚ್ಚಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಮಕ್ಕಳು ಪಟ್ಟ ಪಾಡು ಬರೆಯುವಂಥದ್ದಲ್ಲ.

ನೆರೆಮನೆಯ ಹುಡುಗನಿಗೆ ಅಂಥದ್ದೇನೂ ಇರಲಿಲ್ಲ. ತಂದೆಯಿಲ್ಲದ ಎರಡು ವರ್ಷ ಮನೆಯ ಸಾಮಾನು, ಅಜ್ಜಿಯ ಔಷಧಿ, ಬ್ಯಾಂಕ್ ಕೆಲಸವೆಲ್ಲ ಅವನೇ ನೋಡಿಕೊಂಡಿದ್ದ. ತಂದೆ ಬಂದ ಮರುದಿನವೇ “ಇದೇನು ಅವ್ಯವಸ್ಥೆ?” ಎಂದು ಕೇಳಿದ್ದರು. ಅದು ಅವನಿಗೆ ನಾಟಿತ್ತು. ಒಂದು ರಾತ್ರಿ ಮೀನು ತರಲು ಧಕ್ಕೆಗೆ ಹೋಗುವಾಗ, ಸ್ಕೂಟರಿನ ಹಿಂದಿನ ಸೀಟಿನಿಂದ, ಮುಖ ನೋಡದೆ ಮಾತನಾಡಬಹುದಾದ ಕತ್ತಲಲ್ಲಿ, ಅವನೇ ಅದನ್ನು ಹೇಳಿದನಂತೆ.

ಮಗಳು ಹನ್ನೊಂದನೇ ದಿನಕ್ಕೆ ಮಡಿಲೇರಿದಳು. ಈ ಸಲ ಹೊರಡುವಾಗ, ಹಿಂದಿನಂತೆ ಮಗು ಮಲಗಿದ್ದಾಗ ಸದ್ದಿಲ್ಲದೆ ಹೋಗುವುದು ಬೇಡ ಎಂದು ಮನೆಯವರು ತೀರ್ಮಾನಿಸಿದರು. ಒಂದು ವಾರ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ವಿಮಾನದ ಚಿತ್ರ ಬರೆದು ದಿನ ಎಣಿಸಿದರು. ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ ಹೇಳಿಯೇ ಹೋದರು. ಮಗು ಜೋರಾಗಿ ಅತ್ತಿತು, ಅಣ್ಣ ಎತ್ತಿಕೊಂಡು ಗೇಟಿನವರೆಗೆ ಬಂದ.