ಊರಿನ ಕಸ ನಿಟ್ಟೆಗೆ; ಬೀಗ ಹಾಕಿದ ಮನೆಯ ಕಸ ಎಲ್ಲಿಗೆ?

ನಿಟ್ಟೆ ಎಂದೊಡನೆ ಮುಂಬಯಿಯ ತುಳು-ಕನ್ನಡಿಗರಿಗೆ ನೆನಪಾಗುವುದು ಅಲ್ಲಿನ ಇಂಜಿನಿಯರಿಂಗ್ ಕಾಲೇಜು. ಕಾರ್ಕಳ ತಾಲೂಕಿನ ಅದೇ ಗ್ರಾಮದಲ್ಲಿ 2021ರಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಆರಂಭವಾಯಿತು. ಸುತ್ತಲಿನ ಗ್ರಾಮ ಪಂಚಾಯತ್‌ಗಳ ಒಣ ಕಸವನ್ನು ಒಂದೆಡೆ ತಂದು ವಿಂಗಡಿಸುವ ಎಂ.ಆರ್.ಎಫ್. ಘಟಕವದು. ದಿನಕ್ಕೆ 10 ಟನ್ ಸಾಮರ್ಥ್ಯ.

ವ್ಯವಸ್ಥೆ ಸರಳವಾದುದು. ಪಂಚಾಯತ್‌ನ ಸಣ್ಣ ವಾಹನ ಮನೆಮನೆಗೆ ಬಂದು ಒಣ ಕಸವನ್ನು ಒಯ್ಯುತ್ತದೆ. ಹಲವೆಡೆ ಈ ವಾಹನ ಓಡಿಸುವವರೂ ಸ್ವಸಹಾಯ ಸಂಘದ ಮಹಿಳೆಯರೇ. ಕಸ ಮೊದಲು ಪಂಚಾಯತ್‌ನ ಘಟಕದಲ್ಲಿ ಶೇಖರವಾಗಿ, ಅಲ್ಲಿಂದ ಲಾರಿಯಲ್ಲಿ ನಿಟ್ಟೆಗೆ ಹೋಗುತ್ತದೆ. ಅಲ್ಲಿ ರಟ್ಟು, ಬಾಟಲಿ, ಹಾಲಿನ ತೊಟ್ಟೆ ಎಂದು ಬೇರ್ಪಡಿಸಿ ಯಂತ್ರದಲ್ಲಿ ಅದುಮಿ ಕಟ್ಟು ಮಾಡುತ್ತಾರೆ. ಒಂದು ಪಂಚಾಯತ್‌ನ ನಾಲ್ಕು ಚೀಲ ಪ್ಲಾಸ್ಟಿಕ್‌ಗೆ ಗಿರಾಕಿ ಇಲ್ಲ. ಹತ್ತಾರು ಪಂಚಾಯತ್‌ಗಳದ್ದು ಒಟ್ಟಾದರೆ ಲಾರಿ ತುಂಬುತ್ತದೆ, ಬೆಲೆಯೂ ಬರುತ್ತದೆ.

ಇದರ ಅಗತ್ಯವೇನೆಂದು ಮುಂಬಯಿಗರಿಗೆ ಹೇಳಬೇಕಾಗಿಲ್ಲ. 1927ರಿಂದ ಕಸ ಸುರಿಯುತ್ತ ಬಂದ ದೇವನಾರ್ ಗುಡ್ಡೆಗೆ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಹೊಗೆ ಕುಡಿದವರು ನಮ್ಮವರಲ್ಲೂ ಇದ್ದಾರೆ. ಊರಿನಲ್ಲಿ ಹಾಗಾಗದು ಎಂಬ ಭ್ರಮೆಯೂ 2019ರ ಆಗಸ್ಟ್‌ನಲ್ಲಿ ಕಳಚಿತು. ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರಕ್ಕೆ ನುಗ್ಗಿತು. ಅಡಿಕೆ, ತೆಂಗಿನ ತೋಟಗಳು ಹೂತುಹೋದವು. 27 ಕುಟುಂಬಗಳು ಮನೆ ಬಿಡಬೇಕಾಯಿತು. ತಲೆಮಾರುಗಳ ತೋಟ, ಪಕ್ಕದ ಪಟ್ಟಣದ ಕಸದಡಿ!

ಈಗ ನಮ್ಮವರ ವಿಷಯ. ಹಳ್ಳಿಯ ಈ ಸೇವೆಗೆ ಮನೆಯವರು ಕೊಡುವ ಮಾಸಿಕ ಶುಲ್ಕ ದೊಡ್ಡ ಆಧಾರ. ಸಾವಿರ ಮನೆ, ಮನೆಗೆ 30 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 30,000. ಅದರಲ್ಲೇ ಕೆಲಸದವರ ಸಂಭಾವನೆ, ಡೀಸೆಲ್, ರಿಪೇರಿ ಎಲ್ಲ ನಡೆಯಬೇಕು. ಇನ್ನೂರು ಮನೆಗೆ ಬೀಗ, 'ನಾವು ಮುಂಬಯಿಯಲ್ಲಿರುವವರು, ನಮ್ಮಲ್ಲಿ ಕಸವೆಲ್ಲಿ?' ಎಂಬ ಉತ್ತರ ಎಂದಾದರೆ 6,000 ಖೋತಾ. ವಾಹನ ಮಾತ್ರ ಅದೇ ದಾರಿಯಲ್ಲಿ ಓಡಲೇಬೇಕು.

ಕಸವಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಮೇ ತಿಂಗಳಲ್ಲಿ ಬೀಗ ತೆರೆಯುತ್ತದೆ. ಮದುವೆ, ಮೆಹೆಂದಿ, ನೇಮ, ಬ್ರಹ್ಮಕಲಶ; ನೀರಿನ ಬಾಟಲಿ, ಐಸ್‌ಕ್ರೀಂ ಕಪ್ಪುಗಳಿಗೆ ಲೆಕ್ಕವಿಲ್ಲ. ಬಾಳೆಎಲೆ ತೆಂಗಿನ ಬುಡ ಸೇರೀತು, ಇವು ಸೇರಲಾರವು. ವಾರಕ್ಕೊಮ್ಮೆ ಬರುವ ವಾಹನಕ್ಕೆ ಕಾಯುವ ತಾಳ್ಮೆಯಿಲ್ಲದೆ, ರೈಲು ಹಿಡಿಯುವ ದಿನ ಅನ್ನ ಸಾರು, ಮಗುವಿನ ಡೈಪರ್ ಸಮೇತ ಒಂದೇ ತೊಟ್ಟೆಯಲ್ಲಿ ಕಟ್ಟಿ ಮಾರ್ಗದ ಬದಿಗೆ ಎಸೆಯುವವರಿದ್ದಾರೆ. ಆ ತೊಟ್ಟೆ ಬಿಚ್ಚಿ ಕೈಹಾಕಬೇಕಾದವಳು ಅದೇ ಊರಿನ, ಬಹುಶಃ ಅದೇ ಮದುವೆಯಲ್ಲಿ ಉಂಡು ಹರಸಿದ ಒಬ್ಬ ಅಕ್ಕ.

ದೇವಸ್ಥಾನದ ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ಕೊಡುವ ಕೈಗಳಿಗೆ ಈ ಶುಲ್ಕ ಭಾರವಲ್ಲ. ಊರಿಗೆ ಹೋದಾಗ ಪಂಚಾಯತ್ ಕಚೇರಿಯಲ್ಲಿ ಮನೆ ತೆರಿಗೆ ಕಟ್ಟುವಾಗಲೇ ಕಸದ ಶುಲ್ಕವನ್ನೂ ವಿಚಾರಿಸಿ ಕಟ್ಟಿ, ರಶೀದಿ ಪಡೆಯಬಹುದು. ವಾಹನ ಬರುವ ವಾರವನ್ನೂ ಅಲ್ಲೇ ಕೇಳಿಕೊಂಡರೆ, ಸಮಾರಂಭದ ಮರುದಿನ ತೊಳೆದು ಒಣಗಿಸಿದ ಚೀಲವನ್ನು ನೆರೆಮನೆಯವರ ಜಗಲಿಯಲ್ಲಿಟ್ಟು ಬರಬಹುದು.