ಮೈಸೂರಿನ ಓರಿಯಂಟಲ್ ಲೈಬ್ರರಿ ಕಟ್ಟಡ: ಇತಿಹಾಸ ಮತ್ತು ವಾಸ್ತುಶಿಲ್ಪ

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡವು ನಗರದ ಪ್ರಮುಖ ಪಾರಂಪರಿಕ ಕಟ್ಟಡಗಳಲ್ಲೊಂದಾಗಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗಾಗಿ 1887ರಲ್ಲಿ ಇದಕ್ಕೆ ಶಂಕುಸ್ಥಾಪನೆ ನೆರವೇರಿತು. 1891ರಲ್ಲಿ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ ಹಸ್ತಪ್ರತಿಗಳ ಸಂಗ್ರಹಕ್ಕಾಗಿ ಓರಿಯಂಟಲ್ ಲೈಬ್ರರಿಯನ್ನು ಸ್ಥಾಪಿಸಲಾಯಿತು. 1916ರಲ್ಲಿ ಇದು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು.

ಅಯಾನಿಕ್ ಮತ್ತು ಕೊರಿಂಥಿಯನ್ ಶೈಲಿಯ ಕಂಬಗಳು ಹಾಗೂ ಕಮಾನುಗಳು ಕಟ್ಟಡದ ಮುಖ್ಯ ಲಕ್ಷಣಗಳಾಗಿವೆ.

1905ರಲ್ಲಿ ತಂಜಾವೂರು ಪ್ರಾಂತ್ಯದ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿ ಪ್ರತಿಯಲ್ಲಿ ಇಲ್ಲಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಅದುವರೆಗೆ ಅನ್ಯ ಗ್ರಂಥಗಳ ಉಲ್ಲೇಖಗಳಿಂದಲೇ ತಿಳಿದಿದ್ದ ಈ ಕೃತಿಯ ಸಂಸ್ಕೃತ ಮೂಲವನ್ನು 1909ರಲ್ಲಿ ಹಾಗೂ ಇಂಗ್ಲಿಷ್ ಅನುವಾದವನ್ನು 1915ರಲ್ಲಿ ಪ್ರಕಟಿಸಲಾಯಿತು.

ತಾಳೆಗರಿಗೆ ತೇವಾಂಶ ಮತ್ತು ಕೀಟಗಳಿಂದ ಹಾನಿಯುಂಟಾಗುತ್ತದೆ. ಛಾವಣಿ ಸೋರಿದಲ್ಲಿ ಅಥವಾ ಗೋಡೆ ತೇವ ಹಿಡಿದಲ್ಲಿ, ಬೇರೆಲ್ಲೂ ಪ್ರತಿಯಿಲ್ಲದ ಗ್ರಂಥವೇ ಶಾಶ್ವತವಾಗಿ ನಷ್ಟವಾಗಬಹುದು. ಆದುದರಿಂದ ಈ ಕಟ್ಟಡದ ಸಂರಕ್ಷಣೆಯು ಕೇವಲ ಕಂಬ, ಕಮಾನುಗಳ ರಕ್ಷಣೆಯಲ್ಲ. ಅದರೊಳಗಿನ ಜ್ಞಾನಸಂಪತ್ತಿನ ರಕ್ಷಣೆಯೂ ಆಗಿರುತ್ತದೆ. ಪಾರಂಪರಿಕ ಕಟ್ಟಡಗಳ ಗೋಡೆಗಳ ಮೇಲೆ ಬರೆಯದೆ, ಭಿತ್ತಿಪತ್ರಗಳನ್ನು ಅಂಟಿಸದೆ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.