ಮೊಬೈಲ್ ಕೆಲಸಕ್ಕಷ್ಟೇ ಇರಲಿ

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬಂದು ದಾಖಲಾದ ರೋಗಿಗೆ ಮನೆಯವರ ಧ್ವನಿ ಕೇಳಿದರೆ ಧೈರ್ಯ ಬರುತ್ತದೆ. ತುರ್ತಿನಲ್ಲಿ 108 ವಾಹನ ಕರೆಯಲೂ ಮೊಬೈಲ್ ಬೇಕು. ಆದರೆ ರಾತ್ರಿ ಬಹಳ ಹೊತ್ತು ವಿಡಿಯೋ ನೋಡಿದರೆ ರೋಗಿಯ ನಿದ್ರೆ ಕೆಡುತ್ತದೆ, ಪಕ್ಕದ ಮಂಚದವರ ನಿದ್ರೆಯೂ ಕೆಡುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕು. ಗಾಯ ಮಾಯಲು, ಶಕ್ತಿ ಮರಳಲು ಇದು ಅವಶ್ಯ.

ಬಿಟ್ಟಿರುವುದು ಕಷ್ಟವೆನ್ನಬೇಡಿರಿ. ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಲ್ಲಿ ಸಂಜೆ 7 ಗಂಟೆಗೆ ಸೈರನ್ ಕೂಗಿಸಿ, ಇಡೀ ಊರು ಒಂದೂವರೆ ಗಂಟೆ ಟಿ.ವಿ., ಮೊಬೈಲ್ ಬದಿಗಿಡುವ ಪದ್ಧತಿ ಆರಂಭಿಸಿತು. ವಾರ್ಡಿನಲ್ಲಿ ನೀವೂ ಹೀಗೆ ಮಾಡಿರಿ:

1. ಮನೆಗೆ ಫೋನ್ ಮಾಡಲು ಹೊತ್ತು ಗೊತ್ತುಮಾಡಿಕೊಳ್ಳಿರಿ.

2. ವೈದ್ಯರು ಬಂದಾಗ, ಸಿಸ್ಟರ್ ಮಾತ್ರೆ ತಿಳಿಸುವಾಗ ಮೊಬೈಲ್ ಬದಿಗಿಟ್ಟು ಕೇಳಿರಿ. ತಿಳಿಯದಿದ್ದರೆ ಮತ್ತೆ ಕೇಳಿರಿ.

3. ಮೊಬೈಲ್ ಹಿಡಿದ ಕೈಯನ್ನು ಸೋಪಿನಿಂದ ತೊಳೆದು ರೋಗಿಗೆ ಊಟ ಕೊಡಿರಿ.

4. ವಾಟ್ಸಾಪ್ ಮಾತು ನಂಬಿ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿರಿ. ಇದರಿಂದ ಪ್ರಾಣಕ್ಕೇ ಅಪಾಯವಾಗಬಹುದು.

5. ರಾತ್ರಿ ತುರ್ತು ಕರೆಗಾಗಿ ಜೊತೆಗಿರುವ ಒಬ್ಬರ ಮೊಬೈಲ್ ಚಾಲೂ ಇರಲಿ, ಶಬ್ದ ತಗ್ಗಿಸಿರಲಿ. ಉಳಿದ ಹೊತ್ತು ರೋಗಿಯೊಡನೆ ನಾಲ್ಕು ಮಾತಾಡಿರಿ.